ಹೆಸರಿಲ್ಲದವರ ತಲೆಗೆ ಐದು ಪೌಂಡು

ಮೂರು ಸರ್ಕಾರಿ ಬಹುಮಾನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ಮೂರೂ ಒಂದೇ ದ್ವೀಪದವು, ಒಂದೇ ಶತಮಾನದವು.

1825ರ ಏಪ್ರಿಲ್: ಮ್ಯಾಥ್ಯೂ ಬ್ರೇಡಿ ಎಂಬ ಕಾಡುಗಳ್ಳನನ್ನು ಹಿಡಿದುಕೊಟ್ಟವರಿಗೆ ಬಹುಮಾನ.

1830ರ ಫೆಬ್ರವರಿ 25: ಮೂಲನಿವಾಸಿಗಳಲ್ಲಿ ವಯಸ್ಕರೊಬ್ಬರನ್ನು ಜೀವಂತ ಹಿಡಿದು ತಂದರೆ 5 ಪೌಂಡು, ಮಗುವನ್ನು ತಂದರೆ 2 ಪೌಂಡು.

1888ರಿಂದ ಮುಂದೆ: ಥೈಲಸೀನ್ ಎಂಬ, ಬೆನ್ನ ಮೇಲೆ ಪಟ್ಟೆಗಳಿದ್ದ ಪ್ರಾಣಿಯನ್ನು ಕೊಂದು ತಂದರೆ 1 ಪೌಂಡು, ಮರಿಯಾದರೆ 10 ಶಿಲಿಂಗು.

ದ್ವೀಪ ಇಂದಿನ ಟಾಸ್ಮೇನಿಯಾ. 1856ರವರೆಗೆ ಅದರ ಹೆಸರು ವ್ಯಾನ್ ಡೀಮನ್ಸ್ ಲ್ಯಾಂಡ್. ಇಂಗ್ಲೆಂಡಿನಿಂದ ಗಡೀಪಾರಾದ ಕೈದಿಗಳನ್ನೂ ಕುರಿ ಸಾಕಲು ಬಂದ ಜಮೀನುದಾರರನ್ನೂ ತುಂಬಿಕೊಂಡಿದ್ದ ಬ್ರಿಟಿಷ್ ವಸಾಹತು. ಮೊದಲ ಎರಡು ಪ್ರಕಟಣೆಗಳನ್ನು ಹೊರಡಿಸಿದವನು ಒಬ್ಬನೇ, 1824ರಿಂದ 1836ರವರೆಗೆ ಅಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಜಾರ್ಜ್ ಆರ್ಥರ್.

ಮನುಷ್ಯರ ಬಗ್ಗೆ ಇರುವುದು ಮೊದಲ ಎರಡು, ಪ್ರಾಣಿಯ ಬಗ್ಗೆ ಇರುವುದು ಮೂರನೆಯದು. ಆದರೆ ವಾಕ್ಯದ ಕಟ್ಟನ್ನು ನೋಡಿ. ಎರಡನೆಯದು ಮೊದಲನೆಯದಕ್ಕಿಂತ ಮೂರನೆಯದಕ್ಕೇ ಹತ್ತಿರ. ಬ್ರೇಡಿಗೆ ಹೆಸರಿದೆ, ಅವನ ಮೇಲೆ ಹೊರಿಸಿದ ಅಪರಾಧವಿದೆ. 1830ರ ಬಹುಮಾನದಲ್ಲಿ ಹೆಸರಿಲ್ಲ, ಅಪರಾಧವೂ ಇಲ್ಲ. ಇರುವುದು ದೊಡ್ಡವರು, ಚಿಕ್ಕವರು ಎಂಬ ಎರಡು ದರ್ಜೆ ಮತ್ತು ಎರಡು ದರ. ಎರಡು ಪೌಂಡು ಬೆಲೆಯ ಮಗು ಯಾವ ಅಪರಾಧ ಮಾಡಿತ್ತು ಎಂದು ಆ ಪ್ರಕಟಣೆ ಹೇಳುವುದಿಲ್ಲ. ಹೇಳುವ ಅಗತ್ಯ ಅದಕ್ಕೆ ಇರಲಿಲ್ಲ.

ನನ್ನ ವಾದ ಇಷ್ಟೇ. ಹೆಸರು ಹೇಳುವ ಬಹುಮಾನ ಒಬ್ಬ ವ್ಯಕ್ತಿಯ ಮೇಲೆ ಆರೋಪ ಹೊರಿಸುತ್ತದೆ. ಹೆಸರು ಹೇಳದ ಬಹುಮಾನ ಒಂದು ಜನಸಮುದಾಯಕ್ಕೇ ಶಿಕ್ಷೆ ವಿಧಿಸುತ್ತದೆ. ಹಾಗಿದ್ದೂ ನಾವು, ಇತಿಹಾಸ ಮತ್ತು ಸಾಹಿತ್ಯ ಓದುವವರು, ಇಂಥ ಕಾಗದವನ್ನು ‘ದಾಖಲೆ’ ಎಂದು ಕರೆದು, ಅದು ಹೇಳಿದ್ದನ್ನು ನಡೆದದ್ದೆಂದೂ, ಅದು ಹೇಳದೆ ಬಿಟ್ಟದ್ದನ್ನು ನಡೆಯದೇ ಇದ್ದದ್ದೆಂದೂ ಲೆಕ್ಕ ಹಾಕುತ್ತೇವೆ. ಈ ಅಭ್ಯಾಸದ ವಿರುದ್ಧ ನನ್ನ ತಕರಾರು.

*

ಬ್ರೇಡಿಯಿಂದಲೇ ಶುರು ಮಾಡೋಣ. ಗಡೀಪಾರಾಗಿ ಬಂದ ಕೈದಿ. 1824ರಲ್ಲಿ ಮಕ್ವಾರಿ ಹಾರ್ಬರ್ ಎಂಬ ಕುಖ್ಯಾತ ಬಂದೀಖಾನೆಯಿಂದ ತಪ್ಪಿಸಿಕೊಂಡು ತಂಡ ಕಟ್ಟಿದ. ಸರ್ಕಾರ ಅವನ ತಲೆಗೆ ಬೆಲೆ ಕಟ್ಟಿದಾಗ ಅವನೇನು ಮಾಡಿದ ಎಂಬ ಕಥೆ ಟಾಸ್ಮೇನಿಯಾದಲ್ಲಿ ಇವತ್ತಿಗೂ ಪ್ರಸಿದ್ಧ. ಒಂದು ಹೆಂಡದಂಗಡಿಯ ಬಾಗಿಲಿಗೆ ತನ್ನದೇ ಪ್ರಕಟಣೆ ಅಂಟಿಸಿದನಂತೆ: ಗವರ್ನರ್ ಆರ್ಥರ್ ಎಂಬ ಮನುಷ್ಯ ಹೊರಗೆ ಓಡಾಡಿಕೊಂಡಿರುವುದು ತನಗೆ ಚಿಂತೆಯ ವಿಷಯ, ಅವನನ್ನು ಹಿಡಿದುಕೊಟ್ಟವರಿಗೆ ಇಪ್ಪತ್ತು ಗ್ಯಾಲನ್ ರಮ್ ಕೊಡಲಾಗುವುದು ಎಂದು.

ಬ್ರೇಡಿ 1826ರ ಮೇ ತಿಂಗಳಲ್ಲಿ ಗಲ್ಲಿಗೇರಿದ. ಆದರೆ ಅವನ ಹೆಸರು ಉಳಿಯಿತು. ಒಂದು ಬೆಟ್ಟದ ತುದಿಗೆ ಇವತ್ತಿಗೂ ಅವನದೇ ಹೆಸರು. ಈ ಕಥೆಯನ್ನು ರಸವತ್ತಾಗಿ ಹೇಳುವವರು ಒಂದು ಸಂಗತಿ ಮರೆಯುತ್ತಾರೆ. ಬ್ರೇಡಿ ಸರ್ಕಾರಕ್ಕೆ ತಿರುಗಿ ಉತ್ತರ ಕೊಡಲು ಸಾಧ್ಯವಾದದ್ದು ಸರ್ಕಾರದ ಭಾಷೆ ಅವನದೂ ಆಗಿದ್ದರಿಂದ. ಪ್ರಕಟಣೆ ಎಂದರೇನು, ಅದನ್ನು ಎಲ್ಲಿ ಅಂಟಿಸುತ್ತಾರೆ, ಯಾರು ಓದುತ್ತಾರೆ, ಅದನ್ನು ಅಣಕಿಸುವುದು ಹೇಗೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಸರ್ಕಾರವೂ ಅವನನ್ನು ಒಬ್ಬ ಮನುಷ್ಯನೆಂದು ಒಪ್ಪಿತ್ತು. ಹೆಸರು ಹಿಡಿದು ಕರೆದಿತ್ತು, ವಿಚಾರಣೆ ನಡೆಸಿಯೇ ನೇಣು ಹಾಕಿತು.

ಮೂಲನಿವಾಸಿಗಳ ಬಗ್ಗೆ ಹೊರಟ ಪ್ರಕಟಣೆಗಳು ಬೇರೆ ಜಾತಿಯವು. 1826ರ ನವೆಂಬರ್ 29ರ ಪ್ರಕಟಣೆ, ಯಾವುದೇ ಗುಂಪಿಗೆ ದಾಳಿ ಮಾಡುವ ಉದ್ದೇಶ ಇರುವಂತೆ ಕಂಡರೆ ಬಿಳಿಯರು ಆಯುಧ ಹಿಡಿದು ಅವರನ್ನು ಬಲವಂತವಾಗಿ ಓಡಿಸಬಹುದು ಎಂದಿತು. ಉದ್ದೇಶ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವವನು ಕೋವಿ ಹಿಡಿದವನೇ. ಎರಡೇ ದಿನಗಳಲ್ಲಿ ಹೋಬರ್ಟಿನ ಒಂದು ಪತ್ರಿಕೆ, ಸರ್ಕಾರ ಇವರನ್ನು ಇಲ್ಲಿಂದ ಸಾಗಿಸದಿದ್ದರೆ ಕಾಡುಮೃಗಗಳಂತೆ ಬೇಟೆಯಾಡಲಾಗುತ್ತದೆ ಎಂದು ಬರೆಯಿತು. ಸರ್ಕಾರದ ಮಾತಿನ ಧ್ವನಿ ಊರಿಗೆ ಸರಿಯಾಗಿಯೇ ಕೇಳಿಸಿತ್ತು.

1828ರ ಏಪ್ರಿಲ್ 15ರ ಘೋಷಣೆ ಇನ್ನೂ ವಿಚಿತ್ರ. ಬಿಳಿಯರು ನೆಲೆಸಿದ ಜಿಲ್ಲೆಗಳಿಗೆ ಮೂಲನಿವಾಸಿಗಳು ಕಾಲಿಡಕೂಡದು ಎಂದು ಅದು ವಿಧಿಸಿತು. ಅಂದರೆ ತಲೆತಲಾಂತರದಿಂದ ಕಾಂಗರೂ ಬೇಟೆಯಾಡುತ್ತಿದ್ದ ಅವರದೇ ಹುಲ್ಲುಗಾವಲುಗಳಿಗೆ. ಋತುಮಾನಕ್ಕೆ ತಕ್ಕಂತೆ ಸಮುದ್ರತೀರಕ್ಕೆ ಹೋಗಿ ಚಿಪ್ಪುಮೀನು ಆರಿಸುವ ಪದ್ಧತಿ ಅವರಿಗಿತ್ತು. ಅದಕ್ಕೆ ಘೋಷಣೆ ಅವಕಾಶ ಕೊಟ್ಟಿತು, ಒಂದು ಷರತ್ತಿನ ಮೇಲೆ: ಗುಂಪಿನ ಮುಖಂಡನ ಬಳಿ ಗವರ್ನರನ ಸಹಿ ಮತ್ತು ಮೊಹರು ಇರುವ ಪಾಸು ಇರಬೇಕು. ಇಂಗ್ಲಿಷ್ ಓದಲು ಬಾರದ, ಹೋಬರ್ಟಿನ ಕಚೇರಿಯತ್ತ ಸುಳಿದರೆ ಗುಂಡು ಬೀಳಬಹುದಾದ ಮನುಷ್ಯ ಪಾಸು ತರುವುದು ಎಲ್ಲಿಂದ? ಘೋಷಣೆ ಅದನ್ನು ಕೇಳಿಕೊಳ್ಳಲೇ ಇಲ್ಲ. ಯಾರನ್ನು ಕಟ್ಟಿಹಾಕುತ್ತಿತ್ತೋ ಅವರನ್ನು ಉದ್ದೇಶಿಸಿ ಅದು ಮಾತನಾಡುತ್ತಿರಲೇ ಇಲ್ಲ. ಅದರ ಓದುಗ ಲಂಡನ್ನಿನಲ್ಲಿದ್ದ ಮಂತ್ರಿ. ಮುಂದೊಂದು ದಿನ ‘ನಾವು ಎಚ್ಚರಿಕೆ ಕೊಟ್ಟಿದ್ದೆವು’ ಎಂದು ತೋರಿಸುವುದಕ್ಕೆ ಬರೆದಿಟ್ಟುಕೊಂಡ ಕಾಗದ ಅದು.

ಅದೇ ವರ್ಷದ ನವೆಂಬರ್ 1ರಂದು ಆ ಜಿಲ್ಲೆಗಳಲ್ಲಿ ಸೈನಿಕ ಕಾನೂನು ಜಾರಿಯಾಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ, 1832ರ ಜನವರಿಯವರೆಗೆ, ಅದು ಉಳಿಯಿತು. ಐದು ಪೌಂಡಿನ ಬಹುಮಾನ ಹೊರಟದ್ದು ಇದರ ನಡುವೆ.

*

‘ಜೀವಂತ ಹಿಡಿದು ತನ್ನಿ ಎಂದಿದ್ದಾನಲ್ಲ? ಕೊಲ್ಲಿ ಎಂದು ಹೇಳಲಿಲ್ಲವಲ್ಲ?’ ಎಂದು ಆರ್ಥರನ ಪರ ವಾದಿಸುವವರು ಇದ್ದಾರೆ. ಅವನು ದೈವಭಕ್ತ, ಮನಸ್ಸಿನಲ್ಲಿ ಕರುಣೆಯಿತ್ತು, ಎರಡೂ ಕಡೆಯ ರಕ್ತಪಾತ ನಿಲ್ಲಿಸಲು ನೋಡಿದ ಎಂಬುದು ಇದರ ಸಾರ. ರಕ್ತಪಾತ ಎರಡೂ ಕಡೆ ಆಗಿದ್ದು ನಿಜ. ಆ ಯುದ್ಧದಲ್ಲಿ ಇನ್ನೂರಕ್ಕೂ ಹೆಚ್ಚು ಬಿಳಿಯರು ಸತ್ತರು. ಅವರಲ್ಲಿ ಅನೇಕರು ಒಂಟಿ ಗುಡಿಸಲುಗಳಲ್ಲಿ ಕುರಿ ಕಾಯುತ್ತಿದ್ದ, ತಾವಾಗಿ ಆ ದ್ವೀಪಕ್ಕೆ ಬಾರದ ಕೈದಿಗಳು. ಅವರ ಸಾವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ.

ಆದರೆ ‘ಜೀವಂತ’ ಎಂಬ ಪದ ಏನು ಕೆಲಸ ಮಾಡಿತು ಎಂದು ನೋಡಬೇಕು. ಜಾನ್ ಬ್ಯಾಟ್‌ಮನ್ ಎಂಬ ಜಮೀನುದಾರನನ್ನು ತೆಗೆದುಕೊಳ್ಳಿ. ಬ್ರೇಡಿಯನ್ನು ಹಿಡಿದವನು ಇವನೇ. ಬಹುಮಾನಕ್ಕೆ ಐದಾರು ತಿಂಗಳ ಮೊದಲು, 1829ರ ಸೆಪ್ಟೆಂಬರ್‌ನಲ್ಲಿ, ಸರ್ಕಾರದ ಒಪ್ಪಿಗೆಯ ಮೇರೆಗೆ ಮೂಲನಿವಾಸಿಗಳನ್ನು ‘ಹಿಡಿಯಲು’ ಹೊರಟ ಅವನ ತಂಡ ಬೆನ್ ಲೊಮಂಡ್ ಬೆಟ್ಟದ ಬಳಿ ಮಲಗಿದ್ದ ಒಂದು ಬಿಡಾರದ ಮೇಲೆ ರಾತ್ರಿ ಗುಂಡು ಹಾರಿಸಿತು. ಸುಮಾರು ಹದಿನೈದು ಜನ ಸತ್ತಿರಬೇಕೆಂದು ಅವನೇ ಲೆಕ್ಕ ಕೊಟ್ಟ. ಕೈಗೆ ಸಿಕ್ಕ ಇಬ್ಬರು ಗಾಯಾಳುಗಳು ನಡೆಯಲಾರದೆ ಹೋದಾಗ ಗುಂಡಿಟ್ಟು ಕೊಂದದ್ದನ್ನೂ ಅವನೇ ಸರ್ಕಾರಕ್ಕೆ ಬರೆದು ತಿಳಿಸಿದ. ಮುಚ್ಚಿಡಲಿಲ್ಲ, ಹೆದರಲಿಲ್ಲ. ವರದಿ ಸಲ್ಲಿಸಿದ. ಇವನ ಕೈಗೆ ಬಹಳ ರಕ್ತ ಅಂಟಿದೆ ಎಂಬುದು ಆರ್ಥರನಿಗೂ ಗೊತ್ತಿತ್ತು. ಆ ಅರ್ಥದ ಟಿಪ್ಪಣಿಯನ್ನು ಅವನೇ ಬರೆದಿಟ್ಟಿದ್ದಾನೆ. ಶಿಕ್ಷೆಯಾಗಲಿಲ್ಲ. ಸರ್ಕಾರದಿಂದ ಜಮೀನು ಸಿಕ್ಕಿತು.

ಮಲಗಿದ ಕುಟುಂಬವನ್ನು ಬೆಳಗಿನ ಜಾವ ಸುತ್ತುವರಿದು, ಓಡುವವರನ್ನು ‘ಜೀವಂತ’ ಹಿಡಿಯಲು ನಾಲ್ಕು ಕೋವಿಗಳಿಂದ ಆಗುವುದಿಲ್ಲ. ಹಿಡಿಯಲು ಹೋದಲ್ಲೆಲ್ಲ ಕೊಲ್ಲುವುದು ನಡೆಯುತ್ತಿತ್ತು ಎಂಬುದು 1830ರ ಫೆಬ್ರವರಿಗೆ ಮೊದಲೇ ಕಚೇರಿಯ ಕಡತದಲ್ಲಿ ಇತ್ತು. ಗೊತ್ತಿದ್ದೂ ದರ ಗೊತ್ತುಮಾಡಿದರು. ಹಾಗಾಗಿ ‘ಜೀವಂತ’ ಎಂಬ ಪದ ಕಾಪಾಡಿದ್ದು ಮೂಲನಿವಾಸಿಯ ಜೀವವನ್ನಲ್ಲ, ಪ್ರಕಟಣೆಗೆ ಸಹಿ ಹಾಕಿದವನ ಮಾನವನ್ನು.

ಕನ್ನಡದಲ್ಲಿ ಓಟದ ಸ್ಪರ್ಧೆ ಗೆದ್ದ ಹುಡುಗಿಗೆ ಕೊಡುವುದೂ ಬಹುಮಾನ, ತಲೆಮರೆಸಿಕೊಂಡವನ ಸುಳಿವು ಕೊಟ್ಟವನಿಗೆ ಕೊಡುವುದೂ ಬಹುಮಾನ. ಹೆಚ್ಚಿನ ಮಾನ ಎಂಬ ಅರ್ಥ ಆ ಪದದ ಒಳಗೇ ಇರುವುದರಿಂದ ಕೆಲಸದ ಕೊಳಕು ಮರೆಯಾಗುತ್ತದೆ. ‘ಇನಾಮು’ ಎಂಬ ಹಳೆಯ ಮಾತು ಇದಕ್ಕಿಂತ ನೇರ. ಇನಾಮು ಎಂದೊಡನೆ ನಮ್ಮ ಹಳ್ಳಿಗರಿಗೆ ನೆನಪಾಗುವುದು ಜಮೀನು: ಆಳುವವರ ಕೆಲಸ ಮಾಡಿಕೊಟ್ಟದ್ದಕ್ಕೆ ಸಿಕ್ಕಿದ ಜಮೀನು. ವ್ಯಾನ್ ಡೀಮನ್ಸ್ ಲ್ಯಾಂಡಿನಲ್ಲಿ ಐದು ಪೌಂಡು ಚಿಲ್ಲರೆ ಕಾಸು. ನಿಜವಾದ ಇನಾಮು ಆ ಜನರು ಇಲ್ಲವಾದ ಮೇಲೆ ಖಾಲಿಯಾಗಿ ಉಳಿಯುವ ನೆಲ.

*

ಈ ವಸಾಹತಿನ ಪ್ರಕಟಣೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಅಕ್ಷರಗಳಿಂದ ಮಾತಾಡುವುದಲ್ಲ, ಚಿತ್ರಗಳಿಂದ. ಓದಲು ಬಾರದವರಿಗೆ ಚಿತ್ರದಲ್ಲಿ ಹೇಳೋಣ ಎಂದು ಸರ್ವೆ ಇಲಾಖೆಯ ಮುಖ್ಯಸ್ಥ ಜಾರ್ಜ್ ಫ್ರಾಂಕ್‌ಲ್ಯಾಂಡ್ 1829ರಲ್ಲಿ ಸಲಹೆ ಕೊಟ್ಟ. ಹ್ಯೂಯನ್ ಪೈನ್ ಮರದ ಹಲಗೆಗಳ ಮೇಲೆ ಬಣ್ಣದ ಚಿತ್ರ ಬರೆಸಿ, ಮರಗಳಿಗೆ ತೂಗುಹಾಕಲು ಸುಮಾರು ನೂರು ಹಲಗೆಗಳನ್ನು ಮಾಡಿಸಿದರು. ಬೆರಳೆಣಿಕೆಯಷ್ಟು ಈಗ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಬಹುಕಾಲ ಅವುಗಳನ್ನು ಬೇರೊಬ್ಬ ಗವರ್ನರನ ಹೆಸರಿನಲ್ಲಿ, 1816ರವು ಎಂದು ತಪ್ಪಾಗಿ ಪ್ರದರ್ಶಿಸುತ್ತಿದ್ದರು.

ಹಲಗೆಯ ಮೇಲೆ ನಾಲ್ಕು ಸಾಲು. ಮೊದಲ ಸಾಲಿನಲ್ಲಿ ಕಪ್ಪು ಜನ, ಬಿಳಿ ಜನ ಒಂದೇ ಬಗೆಯ ಬಟ್ಟೆ ತೊಟ್ಟು, ಕೈ ಕೈ ಹಿಡಿದು, ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿಕೊಂಡು ನಿಂತಿದ್ದಾರೆ. ಎರಡನೆಯದರಲ್ಲಿ ಗವರ್ನರ್ ಮೂಲನಿವಾಸಿ ಮುಖಂಡನ ಕೈಕುಲುಕುತ್ತಾನೆ. ಮೂರನೆಯದರಲ್ಲಿ ಮೂಲನಿವಾಸಿಯೊಬ್ಬ ಬಿಳಿಯನಿಗೆ ಈಟಿ ಎಸೆಯುತ್ತಾನೆ, ಅವನನ್ನು ನೇಣಿಗೆ ಹಾಕುತ್ತಾರೆ. ನಾಲ್ಕನೆಯದರಲ್ಲಿ ಬಿಳಿಯ ಮೂಲನಿವಾಸಿಗೆ ಗುಂಡು ಹೊಡೆಯುತ್ತಾನೆ, ಅವನನ್ನೂ ನೇಣಿಗೆ ಹಾಕುತ್ತಾರೆ. ಕಾನೂನಿನ ಮುಂದೆ ಎಲ್ಲರೂ ಸಮಾನರು!

ಈಗ ಲೆಕ್ಕ. ಆ ವಸಾಹತು ನಾಲ್ವರು ಮೂಲನಿವಾಸಿಗಳನ್ನು ಗಲ್ಲಿಗೇರಿಸಿತು: 1825ರಲ್ಲಿ ಸಿಡ್ನಿ ಕಡೆಯಿಂದ ಬಂದಿದ್ದ ಮಸ್ಕಿಟೊ ಮತ್ತು ಬ್ಲ್ಯಾಕ್ ಜ್ಯಾಕ್, 1826ರಲ್ಲಿ ಜ್ಯಾಕ್ ಮತ್ತು ಡಿಕ್. ಮೂಲನಿವಾಸಿಯನ್ನು ಕೊಂದದ್ದಕ್ಕಾಗಿ ಒಬ್ಬನೇ ಒಬ್ಬ ಬಿಳಿಯನನ್ನೂ ಅಲ್ಲಿ ಗಲ್ಲಿಗೇರಿಸಲಿಲ್ಲ. ಹಲಗೆಯ ಮೂರನೆಯ ಸಾಲು ಇತಿಹಾಸ, ನಾಲ್ಕನೆಯ ಸಾಲು ಬರೀ ಚಿತ್ರ.

ಇಂದು ಈ ಹಲಗೆಗಳನ್ನು ವಸಾಹತು ಕಾಲದ ಸೋಜಿಗವೆಂದು ನೋಡುವವರಿಗೆ ನಾಲ್ಕನೆಯ ಸಾಲು ಸುಳ್ಳು ಎಂದು ಹೇಳದೆ ಬರೀ ‘ಸದುದ್ದೇಶದ ಪ್ರಯತ್ನ’ ಎಂದು ವಿವರಿಸಿದರೆ, ಆರ್ಥರನ ಕಚೇರಿಯ ಕೆಲಸವನ್ನು ನಾವು ಮುಂದುವರಿಸಿದಂತೆ.

1830ರ ಅಕ್ಟೋಬರ್-ನವೆಂಬರ್‌ನಲ್ಲಿ ಸರ್ಕಾರ ಕೊನೆಯ ಪ್ರಯೋಗಕ್ಕೆ ಇಳಿಯಿತು. ಸೈನಿಕರು, ಕೈದಿಗಳು, ಜಮೀನುದಾರರು ಸೇರಿ ಸುಮಾರು 2,200 ಗಂಡಸರು ಸಾಲುಗಟ್ಟಿ, ಹಾಕಾ ಬೇಟೆಯಂತೆ ದ್ವೀಪವನ್ನು ಜಾಲಾಡಿದರು. ಖರ್ಚು 30,000 ಪೌಂಡಿಗೂ ಹೆಚ್ಚು. ಸಿಕ್ಕವರು ಇಬ್ಬರು, ಗುಂಡಿಗೆ ಸತ್ತವರು ಇಬ್ಬರು. ಇದನ್ನು ಪ್ರಹಸನ ಎಂದು ನಗುವವರಿದ್ದಾರೆ. ನಗುವ ಮುನ್ನ ಮುಂದಿನದನ್ನೂ ನೋಡಬೇಕು. ದಣಿದು, ಸಂಖ್ಯೆ ಕರಗಿ ಹೋಗಿದ್ದ ಗುಂಪುಗಳನ್ನು ಜಾರ್ಜ್ ಅಗಸ್ಟಸ್ ರಾಬಿನ್ಸನ್ ಮಾತುಕತೆಯ ಮೂಲಕ ಒಂದೊಂದಾಗಿ ಒಪ್ಪಿಸಿ ತಂದ. ಅವನಿಗೂ ಸಂಬಳ ಏರಿತು, ಜಮೀನು ಸಿಕ್ಕಿತು. ಸುಮಾರು ಇನ್ನೂರು ಜನರನ್ನು ಫ್ಲಿಂಡರ್ಸ್ ದ್ವೀಪದ ವೈಬಲೆನ್ನಾ ಎಂಬ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ರೋಗಕ್ಕೂ ಕೊರಗಿಗೂ ಅವರು ಸಾಯುತ್ತಾ ಹೋದರು. 1847ರಲ್ಲಿ ಶಿಬಿರ ಮುಚ್ಚಿ ಉಳಿದವರನ್ನು ವಾಪಸು ಕರೆತಂದಾಗ ಇದ್ದವರು 47.

*

‘ಹೌದು, ಆದರೆ ಅಷ್ಟೊಂದು ಕೊಲೆಗಳಾದವು ಎನ್ನುವುದಕ್ಕೆ ದಾಖಲೆ ಎಲ್ಲಿದೆ?’

ನಮ್ಮ ವಿಚಾರ ಸಂಕಿರಣಗಳಲ್ಲಿ ಈ ಪ್ರಶ್ನೆ ಕೇಳಿಸಿಕೊಳ್ಳದ ಸಂಶೋಧನಾ ವಿದ್ಯಾರ್ಥಿ ಇಲ್ಲ. ಆಸ್ಟ್ರೇಲಿಯಾದಲ್ಲಿ ಇದೇ ಪ್ರಶ್ನೆಯ ಮೇಲೆ ಒಂದು ದೊಡ್ಡ ಜಗಳವೇ ನಡೆದಿದೆ. 2002ರಲ್ಲಿ ಕೀತ್ ವಿಂಡ್‌ಶಟಲ್ ಎಂಬ ಲೇಖಕ ವ್ಯಾನ್ ಡೀಮನ್ಸ್ ಲ್ಯಾಂಡಿನ ಬಗ್ಗೆ ಪುಸ್ತಕ ಬರೆದು, ಬಿಳಿಯರ ಕೈಯಲ್ಲಿ ಸತ್ತ ಮೂಲನಿವಾಸಿಗಳೆಂದು ದಾಖಲೆಗಳಿಂದ ನಂಬಬಹುದಾದ ಸಂಖ್ಯೆ ಸುಮಾರು 120 ಮಾತ್ರ, ಉಳಿದದ್ದೆಲ್ಲ ಎಡಪಂಥೀಯ ಇತಿಹಾಸಕಾರರ ಕಟ್ಟುಕಥೆ ಎಂದ. ಮರುವರ್ಷ ರಾಬರ್ಟ್ ಮ್ಯಾನ್ ಸಂಪಾದಿಸಿದ ಪ್ರಬಂಧ ಸಂಕಲನದಲ್ಲಿ ಹಲವು ವಿದ್ವಾಂಸರು ಅವನಿಗೆ ಉತ್ತರ ಕೊಟ್ಟರು. ವಿಂಡ್‌ಶಟಲ್ ಎತ್ತಿ ತೋರಿಸಿದ ಕೆಲವು ಅಡಿಟಿಪ್ಪಣಿ ದೋಷಗಳು ನಿಜವಾದ ದೋಷಗಳೇ, ಅವನ್ನು ತಿದ್ದಬೇಕಿತ್ತು. ಅಡಿಟಿಪ್ಪಣಿಯಲ್ಲಿ ಸೋಮಾರಿತನಕ್ಕೆ ಯಾವ ಪಂಥವೂ ರಿಯಾಯಿತಿ ಕೊಡಬಾರದು.

ಆದರೆ ಅವನ ಎಣಿಕೆಯ ತಳಹದಿಯೇ ಕುಸಿದದ್ದು. ದಾಖಲೆ ಹುಟ್ಟುವುದು ಹೇಗೆ ಎಂದು ಯೋಚಿಸಿ. ಒಂದು ಕೊಲೆ ಕಡತಕ್ಕೆ ಸೇರಬೇಕಾದರೆ ಯಾರಾದರೂ ದೂರು ಕೊಡಬೇಕು, ಸಾಕ್ಷಿ ಹೇಳಬೇಕು, ಅಧಿಕಾರಿ ಅದನ್ನು ಬರೆದುಕೊಳ್ಳಬೇಕು. ಮೂಲನಿವಾಸಿಗಳು ಕ್ರೈಸ್ತ ಪ್ರಮಾಣ ಮಾಡಲಾರರು ಎಂಬ ಕಾರಣಕ್ಕೆ ಅವರ ಸಾಕ್ಷ್ಯವನ್ನು ನ್ಯಾಯಾಲಯ ಸ್ವೀಕರಿಸುತ್ತಿರಲಿಲ್ಲ. ಉಳಿದ ಸಾಕ್ಷಿ ಕೊಂದವನು ಮತ್ತು ಅವನ ಜೊತೆಗಾರರು. ಮರಗಳಿಗೆ ತೂಗುಹಾಕಿದ ಹಲಗೆ ಕೊಂದವನಿಗೆ ನೇಣು ಎನ್ನುತ್ತಿತ್ತು; ಹಾಗಾಗಿ ಬುದ್ಧಿ ಇದ್ದವನು ಬರೆದುಕೊಡುತ್ತಿರಲಿಲ್ಲ. ಸೈನಿಕ ಕಾನೂನು ಬಂದ ಮೇಲೆ ವಿಚಾರಣೆಯ ಭಯವೂ ಇಲ್ಲವಾಯಿತು. ಒಬ್ಬರ ಬಾಯಿಯನ್ನು ಕಾನೂನಿನಿಂದಲೇ ಮುಚ್ಚಿ, ಇನ್ನೊಬ್ಬರಿಗೆ ಸುಮ್ಮನಿರಲು ಎಲ್ಲ ಕಾರಣ ಒದಗಿಸಿ, ನೂರೆಪ್ಪತ್ತು ವರ್ಷಗಳ ನಂತರ ಬಂದು ‘ಏನೂ ಸದ್ದಿಲ್ಲವಲ್ಲ, ಹಾಗಾದರೆ ಏನೂ ನಡೆದಿಲ್ಲ’ ಎನ್ನುವುದು ಸಂಶೋಧನೆಯಲ್ಲ. ಅದು ಆರ್ಥರನ ಕಾಲದ ನ್ಯಾಯಾಲಯವನ್ನು ಇನ್ನೊಮ್ಮೆ ನಡೆಸಿದಂತೆ, ಅದೇ ನಿಯಮಗಳ ಮೇಲೆ.

1828ರ ಫೆಬ್ರವರಿಯಲ್ಲಿ ದ್ವೀಪದ ವಾಯವ್ಯ ತುದಿಯ ಕೇಪ್ ಗ್ರಿಮ್‌ನಲ್ಲಿ ವ್ಯಾನ್ ಡೀಮನ್ಸ್ ಲ್ಯಾಂಡ್ ಕಂಪನಿಯ ಕುರುಬರು ನಡೆಸಿದ ಹತ್ಯಾಕಾಂಡದ ಉದಾಹರಣೆ ಸಾಕು. ಕಂಪನಿಯ ಮುಖ್ಯಾಧಿಕಾರಿ ಎಡ್ವರ್ಡ್ ಕರ್ ಅದನ್ನು ಸಣ್ಣ ಘರ್ಷಣೆ ಎಂಬಂತೆ ಬರೆದ. ಸುಮಾರು ಮೂವತ್ತು ಜನರನ್ನು ಕೊಂದರು ಎಂಬ ಮಾತು ನಮಗೆ ತಲುಪಿರುವುದು, ಎರಡು ವರ್ಷಗಳ ನಂತರ ರಾಬಿನ್ಸನ್ ಅಲ್ಲಿಗೆ ಹೋಗಿ ಮೂಲನಿವಾಸಿ ಹೆಂಗಸರನ್ನೂ ಕುರುಬರನ್ನೂ ಕೇಳಿ ದಿನಚರಿಯಲ್ಲಿ ಬರೆದುಕೊಂಡದ್ದರಿಂದ. ಅವನು ಹೋಗದೆ ಇದ್ದಿದ್ದರೆ? ‘ದಾಖಲೆ ಇಲ್ಲ’ದ ಪಟ್ಟಿಗೆ ಇನ್ನೊಂದು ಸೇರುತ್ತಿತ್ತು.

*

ಇದೇ ಕಂಪನಿ 1830ರಲ್ಲಿ ಥೈಲಸೀನ್ ಪ್ರಾಣಿಯ ತಲೆಗೆ ಬಹುಮಾನ ಕಟ್ಟಿತು. ಸರ್ಕಾರ ಮನುಷ್ಯರಿಗೆ ದರ ನಿಗದಿ ಮಾಡಿದ್ದೂ ಅದೇ ವರ್ಷ. ಮನುಷ್ಯರನ್ನೂ ಪ್ರಾಣಿಗಳನ್ನೂ ಹೋಲಿಸುವುದು ನನ್ನ ಉದ್ದೇಶವಲ್ಲ. ಆ ಹೋಲಿಕೆಯನ್ನು ಮಾಡಿದ್ದು ಪ್ರಕಟಣೆಯ ನಮೂನೆ. ಕುರಿಗಳಿಗೆ ಹುಲ್ಲು ಬೇಕು. ಹುಲ್ಲಿನ ಮೇಲೆ ಇರುವ ಮಿಕ್ಕೆಲ್ಲವೂ ಅಡ್ಡಿ. ಅಡ್ಡಿಗೆ ಹೆಸರು ಬೇಡ, ದರ ಸಾಕು.

1886ರಲ್ಲಿ ಟಾಸ್ಮೇನಿಯಾದ ಶಾಸನಸಭೆ 12ಕ್ಕೆ 11 ಮತಗಳಿಂದ ಥೈಲಸೀನ್ ಬಹುಮಾನಕ್ಕೆ ಒಪ್ಪಿತು. 1888ರಿಂದ 1909ರವರೆಗೆ 2,184 ಬಹುಮಾನಗಳನ್ನು ಸರ್ಕಾರ ಪಾವತಿ ಮಾಡಿತು. ಸತ್ತ ಪ್ರಾಣಿಗಳ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಇರುವುದು ಪ್ರತಿ ತಲೆಗೂ ಹಣ ಕೊಟ್ಟು ರಸೀದಿ ಇಟ್ಟದ್ದರಿಂದ. ಮನುಷ್ಯರ ಸಾವಿಗೆ ಈ ಲೆಕ್ಕ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಸತ್ತ ಮನುಷ್ಯನಿಗೆ ರಸೀದಿ ಇರಲಿಲ್ಲ. ಕೊನೆಯ ಥೈಲಸೀನ್ ಹೋಬರ್ಟಿನ ಮೃಗಾಲಯದಲ್ಲಿ ಸತ್ತದ್ದು 1936ರ ಸೆಪ್ಟೆಂಬರ್ 7ರಂದು. ಅದನ್ನು ಸಂರಕ್ಷಿತ ಪ್ರಾಣಿ ಎಂದು ಸರ್ಕಾರ ಸಾರಿದ್ದು ಅದೇ ವರ್ಷದ ಜುಲೈನಲ್ಲಿ.

ಈ ‘ಕೊನೆಯ’ ಎಂಬ ಪದವನ್ನೂ ಮನುಷ್ಯರಿಗೆ ಹಚ್ಚಿದರು. 1876ರಲ್ಲಿ ಟ್ರುಗನಿನಿ ಎಂಬ ಮಹಿಳೆ ತೀರಿಕೊಂಡಾಗ ‘ಕೊನೆಯ ಟಾಸ್ಮೇನಿಯನ್’ ಎಂದು ಜಗತ್ತಿಗೆ ಸಾರಲಾಯಿತು. ಅವಳ ಅಸ್ಥಿಪಂಜರವನ್ನು 1947ರವರೆಗೆ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಿದರು. 1976ರಲ್ಲಿ ದಹನ ಮಾಡಿ ಬೂದಿಯನ್ನು ನೀರಿಗೆ ಬಿಟ್ಟರು. ಆದರೆ ಅವಳು ಕೊನೆಯವಳಾಗಿರಲಿಲ್ಲ. ವೈಬಲೆನ್ನಾ ಶಿಬಿರದಲ್ಲಿ ಹುಟ್ಟಿದ ಫ್ಯಾನಿ ಕಾಕ್ರೆನ್ ಸ್ಮಿತ್ 1905ರವರೆಗೆ ಬದುಕಿದ್ದಳು. 1899 ಮತ್ತು 1903ರಲ್ಲಿ ಮೇಣದ ಸಿಲಿಂಡರುಗಳ ಮೇಲೆ ತನ್ನ ಜನರ ಹಾಡುಗಳನ್ನು ಹಾಡಿ ಮುದ್ರಿಸಿದಳು. ಅವಳ ಮಕ್ಕಳು ಮೊಮ್ಮಕ್ಕಳು, ಬಾಸ್ ಜಲಸಂಧಿಯ ದ್ವೀಪಗಳಲ್ಲಿ ಉಳಿದ ಕುಟುಂಬಗಳು ಇಂದು ತಮ್ಮನ್ನು ಪಲಾವ ಎಂದು ಕರೆದುಕೊಳ್ಳುತ್ತಾರೆ. ‘ಕೊನೆಯವಳು ಸತ್ತಳು’ ಎಂಬ ಒಂದು ಸಾಲು ಅವರಿಗೆ ನೂರು ವರ್ಷಗಳ ಜಗಳವಾಯಿತು. ಇಲ್ಲವಾದವರು ಜಮೀನು ಕೇಳಲು ಬರುವುದು ಹೇಗೆ? 1995ರಲ್ಲಿ ಕಾಯಿದೆಯೊಂದರ ಮೂಲಕ ಕೆಲವು ನೆಲಗಳು ಅವರಿಗೆ ಮರಳಿ ಬಂದವು. ವೈಬಲೆನ್ನಾ ಕೂಡ ಈಗ ಅವರದೇ.

*

ಇದು ಎಲ್ಲೋ ದಕ್ಷಿಣ ಸಮುದ್ರದ ಕಥೆ, ನಮಗೇನು ಎನ್ನುವವರು ಹುಬ್ಬಳ್ಳಿಗೆ ಹೋಗಿ ‘ಸೆಟ್ಲ್‌ಮೆಂಟ್’ ಎಲ್ಲಿ ಎಂದು ಕೇಳಲಿ. ಆಟೋದವರು ಕರೆದೊಯ್ಯುತ್ತಾರೆ. ಆ ಹೆಸರಿನ ಹಿಂದೆಯೂ ಒಂದು ಸರ್ಕಾರಿ ಪ್ರಕಟಣೆ ಇದೆ.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಪ್ರಕಾರ, ಒಂದು ಬುಡಕಟ್ಟು ಅಪರಾಧಿ ಬುಡಕಟ್ಟು ಎಂದು ಗೆಜೆಟ್‌ನಲ್ಲಿ ಪ್ರಕಟವಾದರೆ ಆ ಪ್ರಕಟಣೆಯೇ ಅಂತಿಮ ಪುರಾವೆ. ಯಾವ ನ್ಯಾಯಾಲಯವೂ ಅದನ್ನು ಪ್ರಶ್ನಿಸುವಂತಿರಲಿಲ್ಲ. 1911ರಲ್ಲಿ ಈ ಕಾನೂನನ್ನು ಬ್ರಿಟಿಷ್ ಇಂಡಿಯಾದ ಉದ್ದಗಲಕ್ಕೂ ಹಿಗ್ಗಿಸಿದರು. ಅದರ ಅಡಿಯಲ್ಲಿ ನಮ್ಮ ಕಡೆಯ ಸಮುದಾಯಗಳನ್ನೂ ತಂತಿಬೇಲಿಯೊಳಗೆ ಕೂಡಿ, ಹಾಜರಿ ಕರೆದು, ಪಾಸು ಕೊಟ್ಟು ಹೊರಗೆ ಬಿಡುವ ವ್ಯವಸ್ಥೆ ಬಂತು. ಆರ್ಥರನ 1828ರ ಪಾಸು ನೆನಪಾಗುತ್ತದೆಯೇ? ಇಲ್ಲೂ ವ್ಯಕ್ತಿಯ ಹೆಸರಿಲ್ಲ, ಕೃತ್ಯವಿಲ್ಲ. ಜಾತಿಯ ಹೆಸರು ಸಾಕು. ಅದರೊಳಗೆ ಹುಟ್ಟಿದ ಮಗು ಹುಟ್ಟುತ್ತಲೇ ಆರೋಪಿ. 1952ರಲ್ಲಿ ಆ ಪಟ್ಟಿ ರದ್ದಾದ ಮೇಲೂ ಆ ಜನರಿಗೆ ಇಂಗ್ಲಿಷಿನಲ್ಲಿ ಉಳಿದ ಹೆಸರು ‘ಡಿನೋಟಿಫೈಡ್’, ಅಂದರೆ ಪ್ರಕಟಣೆಯಿಂದ ತೆಗೆದುಹಾಕಲ್ಪಟ್ಟವರು. ಒಂದು ಸಮುದಾಯದ ಗುರುತೇ ಗೆಜೆಟ್ಟಿನ ಒಂದು ಕ್ರಿಯಾಪದವಾಗಿ ಹೋಯಿತು. ಇಂದಿಗೂ ಕಳ್ಳತನವಾದರೆ ಪೊಲೀಸರು ಮೊದಲು ತಮ್ಮ ಕೇರಿಗೇ ಬರುತ್ತಾರೆ ಎಂದು ಈ ಸಮುದಾಯಗಳವರು ಹೇಳುವುದನ್ನು ಕೇಳಿದರೆ, ಪ್ರಕಟಣೆ ರದ್ದಾಗುವುದೂ ಅದರ ಕೆಲಸ ನಿಲ್ಲುವುದೂ ಬೇರೆ ಬೇರೆ ಎಂದು ತಿಳಿಯುತ್ತದೆ.

ಹಾಗಾದರೆ ಸರ್ಕಾರಿ ಕಾಗದಗಳನ್ನು ಬಿಸಾಡೋಣವೇ? ಖಂಡಿತ ಇಲ್ಲ. ಬ್ಯಾಟ್‌ಮನ್ ಏನು ಮಾಡಿದ ಎಂದು ಗೊತ್ತಾದದ್ದು ಅವನದೇ ಕಾಗದದಿಂದ. ಆದರೆ ಓದುವಾಗ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಇದರಲ್ಲಿ ಹೆಸರಿದೆಯೋ, ಬರೀ ದರ್ಜೆಯಿದೆಯೋ? ಇದು ಯಾರ ಬಗ್ಗೆ ಇದೆಯೋ ಅವರಿಗೆ ಇದನ್ನು ಓದಲು ಬರುತ್ತಿತ್ತೋ? ಇದಕ್ಕೆ ಉತ್ತರ ಕೊಡುವ ಹಕ್ಕು ಅವರಿಗಿತ್ತೋ? ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ, ಆ ಕಾಗದ ಘಟನೆಯ ಸಾಕ್ಷಿಯಲ್ಲ, ಘಟನೆಯ ಒಂದು ಭಾಗ. ಅದನ್ನು ಸಾಕ್ಷಿಕಟ್ಟೆಯಿಂದ ಇಳಿಸಿ ಕಟಕಟೆಯಲ್ಲಿ ನಿಲ್ಲಿಸಬೇಕು.

ಉತ್ತರವನ್ನು ಬೇರೆ ಕಡೆ ಹುಡುಕುವುದು ಕನ್ನಡದವರಿಗೆ ಹೊಸದೇನಲ್ಲ. ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯನ್ನು ಧಿಕ್ಕರಿಸಿದ ಹಲಗಲಿಯ ಬೇಡರು 1857ರಲ್ಲಿ ಸತ್ತರು. ಆಜ್ಞೆ ಗೆಜೆಟ್ಟಿನಲ್ಲಿದೆ, ಅದಕ್ಕೆ ಕೊಟ್ಟ ಉತ್ತರ ಲಾವಣಿಯಲ್ಲಿದೆ. ಶಾಲೆಯಲ್ಲಿ ಆ ಲಾವಣಿ ಓದಿದ ನಮಗೆ ಆಜ್ಞೆ ಹೊರಡಿಸಿದ ಅಧಿಕಾರಿ ಯಾರೆಂದು ನೆನಪಿಲ್ಲ, ಹಲಗಲಿಯ ವೀರರ ಹೆಸರುಗಳು ನೆನಪಿವೆ. ಪರೀಕ್ಷೆಯ ಪತ್ರಿಕೆಯಲ್ಲಿ ಮಾತ್ರ ಲಾವಣಿಯನ್ನು ‘ಸಾಹಿತ್ಯ’ ಎಂದೂ ಗೆಜೆಟ್ಟನ್ನು ‘ಇತಿಹಾಸ’ ಎಂದೂ ವಿಂಗಡಿಸಿಟ್ಟಿದ್ದೇವೆ. ಈ ವಿಂಗಡಣೆ ಯಾರಿಗೆ ಅನುಕೂಲ ಎಂದು ಕೇಳುವ ಧೈರ್ಯ ನಮ್ಮ ವಿಭಾಗಗಳಿಗೆ ಬರಬೇಕು.

ಮುಂದಿನ ಸಲ ಯಾರಾದರೂ ‘ದಾಖಲೆ ಎಲ್ಲಿದೆ?’ ಎಂದು ಕೇಳಿದರೆ, ತಲೆ ತಗ್ಗಿಸಬೇಡಿ. ಆ ದಾಖಲೆಯನ್ನು ಬರೆಯುವ ಕೆಲಸ ಯಾರ ಕೈಯಲ್ಲಿತ್ತು, ಅವರಿಗೆ ಎಷ್ಟು ಪೌಂಡು ಸಿಕ್ಕಿತು ಎಂದು ತಿರುಗಿ ಕೇಳಿ.